ಜೀಪಿನ ಹೊಟ್ಟೆಗೆ ದೋಣಿಯ ಬಣ್ಣ

ತೆಂಗಿನಗುಂಡಿಯಲ್ಲಿ ಯಾರ ದೋಣಿಯನ್ನು ದಡಕ್ಕೆ ಎಳೆಯಬೇಕಾದರೂ ಮೊದಲು ಕರೆ ಬರುವುದು ನನ್ನ ಅಪ್ಪ ಶನಿಯಾರನಿಗೆ. ಅಪ್ಪ ಮೀನುಗಾರ. ಆದರೆ ಊರವರಿಗೆ ಬೇಕಾದದ್ದು ಅವನ ಹಳೆಯ ಜೀಪು. ಅದಕ್ಕೆ ಬಾಗಿಲಿಲ್ಲ, ಹಾರ್ನಿಲ್ಲ, ನನ್ನ ಅಣ್ಣ ರೂಪೇಶನ ಪ್ರಕಾರ ಮರ್ಯಾದೆಯೂ ಇಲ್ಲ. ಹಗ್ಗ ಕಟ್ಟಿದರೆ ಮಾತ್ರ ಎಂಥ ದೋಣಿಯೂ ಅದರ ಹಿಂದೆ ಬರಲೇಬೇಕು.

ಅಪ್ಪನಿಗೊಂದು ಅಭ್ಯಾಸ. ದೋಣಿಗೆ ಬಣ್ಣ ಬಳಿದಾಗಲೆಲ್ಲ, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಜೀಪಿನ ಅಡಿಗೆ ಮಲಗಿ ಹಿಂದಿನ ಎಕ್ಸೆಲಿಗೆ ಬಳಿಯುತ್ತಾನೆ. ಎರಡು ಹಿಂಚಕ್ರಗಳ ನಡುವೆ ದುಂಡಗೆ ಊದಿಕೊಂಡ ಭಾಗವಿದೆಯಲ್ಲ, ಅದಕ್ಕೆ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನಬಾರದು ಎಂಬುದು ಅವನ ಲೆಕ್ಕ. ಊರೆಲ್ಲ ನಗುತ್ತಿತ್ತು. ಅಮ್ಮ ತಿಮ್ಮಿಯಂತೂ ಬಿಡುತ್ತಲೇ ಇರಲಿಲ್ಲ.

"ಮನೆ ಬಾಗ್ಲಿಗೆ ಬಣ್ಣ ಇಲ್ಲ, ಜೀಪಿನ ಹೊಟ್ಟೆಗೆ ಬಣ್ಣ! ಅದ್ನ ಯಾರು ಬಗ್ಗಿ ನೋಡ್ತಾರೆ?"

ಈ ಸಲ ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮೇಲೆ ಎಳೆಯುತ್ತಿದ್ದಾಗ ಆ ಹೊಟ್ಟೆಯೊಳಗೇ ಏನೋ ಲಟಕ್ಕೆಂದಿತು. ಹಿಂಚಕ್ರಗಳು ಕಚ್ಚಿಕೊಂಡವು. ಜೀಪು ಅಲ್ಲೇ ಮರಳಿನಲ್ಲಿ ಕೂತಿತು. ಸಮುದ್ರ ಆಗಲೇ ಕೆರಳತೊಡಗಿತ್ತು. ಇನ್ನು ಕೆಲವೇ ದಿನ, ನೀರು ಅಲ್ಲಿಗೇ ಬರುತ್ತದೆ.

"ಗ್ಯಾಸ್ ಕಟರ್ ತರಿಸಿ ತುಂಡು ಮಾಡಿ ಗುಜರಿಗೆ ಕೊಡುವ. ಸಮುದ್ರ ಎಳ್ಕಂಡು ಹೋದ್ಮೇಲೆ ಎಂತ ಮಾಡೂದು?" ಎಂದ ರೂಪೇಶ.

ಅಪ್ಪ ಅಂದು ಊಟಕ್ಕೆ ಬರಲಿಲ್ಲ. ಜೀಪಿನ ಪಕ್ಕ ಕೂತಿದ್ದ ಅವನನ್ನು ನೋಡಿ ನನಗೆ ರೂಪೇಶನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನಾನೇ ಭಟ್ಕಳಕ್ಕೆ ಹೋಗಿ ಮೆಕ್ಯಾನಿಕ್ ನಾಗಪತಿಯನ್ನು ಕರೆತಂದೆ.

ನಾಗಪತಿ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಒಳಗೆ ಗೇರಿನ ಹಲ್ಲು ಮುರ್ದದೆ, ಶನಿಯಾರಣ್ಣ. ಸಾಮಾನು ಕುಮಟೆಲಿ ಸಿಕ್ತದೆ. ಆದ್ರೆ ಈ ಜೀಪಿಗೆ ಎರಡು ನಮೂನೆ ಎಕ್ಸೆಲ್ ಬತ್ತಿತ್ತು. ಒಂದು ಓಡೂಕೆ, ಒಂದು ಎಳೂಕೆ. ಹೊರಗಿಂದ ಎರಡೂ ಒಂದೇ ತರ, ಒಳಗಿನ ಹಲ್ಲಿನ ಲೆಕ್ಕ ಬೇರೆ. ನಿಮ್ದು ಯಾವ್ದು?"

"ಎಳೂದು. ಇಷ್ಟು ವರ್ಷ ಎಳೀಲಿಲ್ವಾ?"

"ಓಡೂದೂ ಎಳೀತದೆ. ಅದ್ಕೇ ಮುರ್ದಿರ್ಲೂ ಸಾಕು."

"ಹಂಗಾರೆ ಬಿಚ್ಚಿ ನೋಡು."

"ಈ ಗಾಳೀಲಿ, ಈ ಮರಳಲ್ಲಿ? ಹೊಸ ಸಾಮಾನು ಕೈಲಿಲ್ದೆ ಬಿಚ್ಚಿಟ್ರೆ ಒಳಗೆಲ್ಲ ಮರಳು ತುಂಬ್ತದೆ. ಮತ್ತೆ ಗುಜರಿಯೇ ಗತಿ." ಅವನು ಎದ್ದು ಕೈ ಒರೆಸಿಕೊಂಡ. "ಮುಚ್ಚಳದ ಬೋಲ್ಟಿಗೆ ಕಂಪನಿಯವ್ರು ಸಣ್ಣ ತಗಡು ಹಾಕಿರ್ತರು, ಹಲ್ಲಿನ ಲೆಕ್ಕ ಬರ್ದು. ಈ ಕಡೆ ಯಾವ ಜೀಪಲ್ಲೂ ನಾನು ಅದ್ನ ಕಂಡಿಲ್ಲ. ಉಪ್ಪು ತಿಂದು ಹೋಗಿರ್ತದೆ."

ಅಪ್ಪ ತಲೆ ಎತ್ತಿದ. "ಬಣ್ಣದ ಅಡಿಗಿದ್ರೆ?"

ನಾನು ಸೀರೆ ಸಿಕ್ಕಿಸಿ, ಮೀನು ಕೊಯ್ಯುವ ಕತ್ತಿ ಹಿಡಿದು ಜೀಪಿನ ಅಡಿಗೆ ನುಗ್ಗಿದೆ. ಬಣ್ಣ ಹೆರೆದಷ್ಟೂ ಇನ್ನೊಂದು ಬಣ್ಣ. ಮೇಲೆ ಕಿತ್ತಳೆ, ರೂಪೇಶನ ಮದುವೆಯ ವರ್ಷದ್ದು. ಅದರಡಿ ಹಸಿರು, ಅಪ್ಪ ದೋಣಿಗೆ ಮೊದಲ ಸಲ ಇಂಜಿನ್ ಕೂರಿಸಿದಾಗಿನದು. ಇನ್ನೂ ಕೆಳಗೆ ನೀಲಿ. ಅದು ನಮ್ಮ ಮೊದಲ ಸ್ವಂತ ದೋಣಿಯ ಬಣ್ಣ, ಅದಕ್ಕೆ ನನ್ನದೇ ಹೆಸರಿಟ್ಟಿದ್ದರು, 'ಭಾಗ್ಯಲಕ್ಷ್ಮಿ'. ಎಲ್ಲದರ ಅಡಿಗೆ ಕೆಂಪು.

"ಅಪ್ಪ, ಕೆಂಪು ದೋಣಿ ನಮ್ಗೆ ಯಾವಾಗಿತ್ತು?"

"ಅದು ನಮ್ದಲ್ಲ. ಸಾವ್ಕಾರ್ರ ದೋಣಿದು. ನಾನು ಕೂಲಿಗೆ ಎಳೀತಿದ್ದೆ."

ಕಣ್ಣು ತುಂಬಿ ಬಂತು. ಮಲಗಿದ್ದಲ್ಲೇ ಹೆರೆದೆ. ಆ ಕೆಂಪಿನಡಿ, ಒಂದು ಬೋಲ್ಟಿನ ಕೆಳಗೆ, ಹೆಬ್ಬೆರಳಷ್ಟು ತಗಡು ಮಿಂಚಿತು. ಹೊಸದರ ಹಾಗೇ ಇತ್ತು.

"ನಲವತ್ಮೂರು! ಪಕ್ಕದಲ್ಲಿ ಎಂಟು!" ಎಂದು ಅಡಿಯಿಂದಲೇ ಕೂಗಿದೆ.

ನಾಗಪತಿ ಮಂಡಿಯೂರಿ ಬಗ್ಗಿ ತಾನೇ ಓದಿ ನಕ್ಕುಬಿಟ್ಟ. "ಈ ಲೆಕ್ಕ ಎಳೂದ್ರದ್ದೇ, ಶನಿಯಾರಣ್ಣ! ಗೊತ್ತಾತು, ಇನ್ನು ಹೆದ್ರಿಕೆ ಇಲ್ಲ."

ಕುಮಟೆಗೆ ಬೈಕು ಓಡಿಸಿದ್ದು ರೂಪೇಶ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಹೊರಟ. ಮರುದಿನ ಸುತ್ತ ಟಾರ್ಪಾಲು ಕಟ್ಟಿ ಸಾಮಾನು ಕೂರಿಸಿದರು. ಸಮುದ್ರ ಬರುವ ಮೊದಲು ಉಳಿದ ದೋಣಿಗಳನ್ನೆಲ್ಲ ಆ ಜೀಪೇ ಎಳೆಯಿತು. ಸ್ಟೇರಿಂಗ್ ಹಿಡಿದ ಅಪ್ಪನನ್ನು ದಡದ ಜನ ನೋಡುತ್ತಿದ್ದರೆ ನನ್ನ ಎದೆ ಉಬ್ಬಿತು. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೆರೆದ ಜಾಗಕ್ಕೆ ಮತ್ತೆ ಬಣ್ಣ ಬೇಕಿತ್ತು. ಅಪ್ಪ ಹಳೆಯ ಡಬ್ಬಿಗಳ ತಳ ಕೆದಕುತ್ತಿದ್ದಾಗ ರೂಪೇಶ ಹೊಸ ಡಬ್ಬಿಯನ್ನು ತಂದು ಮುಂದಿಟ್ಟ. ಮುಚ್ಚಳ ಕೂಡ ತೆಗೆದಿರಲಿಲ್ಲ.

"ಯಾವ ದೋಣಿಗಾ?" ಎಂದ ಅಪ್ಪ.

"ದೋಣಿಗಲ್ಲ. ಮೊದ್ಲು ಜೀಪಿಗೆ ಹಚ್ಚು. ಉಳಿದ್ರೆ ದೋಣಿಗೆ."

ಅಪ್ಪ ಬ್ರಷ್ಷನ್ನು ಅವನ ಕೈಗೇ ಕೊಟ್ಟ. ರೂಪೇಶ ಜೀಪಿನ ಅಡಿಗೆ ಮಲಗಿದ.