ಐನೂರು ವರ್ಷದಾಚೆಯ ಕೋವಿಗೊಂದು ಬಾಗಿಲು

ನನ್ನ ಹೆಂಡತಿ ಕೋವಿ ರಿಪೇರಿ ಮಾಡುತ್ತಾಳೆ. ಇದನ್ನು ಹೇಳಿದ ಕೂಡಲೇ ಜನ ಮೊದಲು ಅವಳ ಕೈ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನುತ್ತಾರೆ. ಪಾಪ ಎಂಥದ್ದು? ನಾನು ದರ್ಜಿ. ಅಂಗಡಿಯ ಮುಂಭಾಗದಲ್ಲಿ ನನ್ನ ಹೊಲಿಗೆ ಯಂತ್ರ, ಹಿಂಭಾಗದಲ್ಲಿ ಅವಳ ಕೆಲಸದ ಮೇಜು, ನಡುವೆ ಒಂದು ಪರದೆ. ಹೊಲ ಕಾಯುವವರು, ಬ್ಯಾಂಕಿನ ಕಾವಲಿನವರು, ಗುರಿಯಾಟದ ಕ್ಲಬ್ಬಿನವರು ತರುವ ಕೋವಿಗಳಿಗೆ ಅವಳು ಜೀವ ಕೊಡುತ್ತಾಳೆ, ನಾನು ಅಂಗಿ ತೊಡಿಸುತ್ತೇನೆ. ಕೋವಿಯ ಕ್ಯಾನ್ವಾಸ್ ಚೀಲ ಹೊಲಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂತ ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಅಂಗಡಿ ಮಾವನದು, ಅಂದರೆ ಅವಳ ಅಪ್ಪನದು. ಎಂಬತ್ತು ದಾಟಿದ್ದಾರೆ. ಕೋವಿ ರಿಪೇರಿಯಾದ ಮೇಲೆ ನಳಿಗೆಯ ಅಡಿಯಲ್ಲಿ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಹಾಕುತ್ತಾರೆ. ಇದಕ್ಕೆ ನಾನು ಹೊಣೆ ಅಂತ ಆ ಗುರುತಿನ ಅರ್ಥ. ನಮ್ಮ ಅಂಗಡಿಯ ಗುರುತು ಮಾವನ ನಕ್ಷತ್ರ. ಬೆವರೆಲ್ಲ ಇವಳದು, ನಕ್ಷತ್ರ ಅವರದು. ಸ್ವಂತ ಅಚ್ಚು ಬೇಕಾದರೆ ಕೆಲಸ ಕಲಿಸಿದವರು ಒಪ್ಪಬೇಕು, ಅವರು ಒಪ್ಪುವುದು ಹುಡುಕಿದರೂ ತಪ್ಪು ಸಿಗದ ಕೋವಿಯೊಂದು ಕೈಗೆ ಬಂದಾಗ. ಇಪ್ಪತ್ತೆರಡು ವರ್ಷದಲ್ಲಿ ಮಾವನಿಗೆ ತಪ್ಪು ಸಿಗದ ದಿನವೇ ಇರಲಿಲ್ಲ. ಒಂದು ದಿನ ಟ್ರಿಗರ್ ಕೂದಲೆಳೆಯಷ್ಟು ಭಾರ, ಇನ್ನೊಂದು ದಿನ ಮರದ ಹಿಡಿಗೆ ಎಣ್ಣೆ ಹೆಚ್ಚು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವಳು ಮಾತ್ರ ತುಟಿ ಪಿಟಕ್ಕೆನ್ನದೆ ಎಲ್ಲ ಬಿಚ್ಚಿಕೊಂಡು ಮತ್ತೆ ಕೂರುತ್ತಿದ್ದಳು.

ಅಂಗಡಿಯಲ್ಲಿ ಇನ್ನೊಂದು ಕಟ್ಟುನಿಟ್ಟು ಉಂಟು. ಕೋವಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ, ಕೊಡುವವರು ಅದನ್ನು ತೆರೆದು ಹಿಡಿಯಬೇಕು. ತೆಗೆದುಕೊಳ್ಳುವವರು ತೋಟೆ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ, ಖಾಲಿ ಇದೆ ಅಂತ ಮುಟ್ಟಿ ನೋಡಿದ ಮೇಲೆಯೇ ಕೈಗೆತ್ತಿಕೊಳ್ಳಬೇಕು. ಕಣ್ಣಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಅರೆಗಳಿಗೆ ಹಿಂದೆ ನೀವೇ ಕೊಟ್ಟ ಕೋವಿ ವಾಪಸ್ ಬಂದರೂ ಮತ್ತೆ ಬೆರಳು ಹಾಕಬೇಕು. ಮದುವೆಯಾದ ಹೊಸತರಲ್ಲಿ ನಾನು ಪ್ರೀತಿಯಿಂದ ಚಹಾದ ಫ್ಲಾಸ್ಕ್ ಕೊಟ್ಟರೆ ಇವಳು ಮುಚ್ಚಳ ತೆಗೆದು ಬೆರಳು ಅದ್ದಿಬಿಟ್ಟಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ನಕ್ಕ ದಿನವೇ, ಈಕೆಯ ಜೊತೆ ಬಾಳುವೆ ಬೇಸರವಾಗಲಾರದು ಅಂತ ನನಗೆ ಖಾತ್ರಿಯಾಯಿತು.

ಹೀಗಿರುವಾಗ ಊರಿನ ವಸ್ತುಸಂಗ್ರಹಾಲಯದಿಂದ ಒಂದು ಪತ್ರ ಬಂತು. ಮುಂದಿನ ಕಾಲಕ್ಕೆ ಅಂತಲೇ ಅವರು ಒಂದು ಕೊಠಡಿ ತೆರೆಯುತ್ತಾರಂತೆ. ಒಂದೊಂದು ಕಸುಬಿನವರೂ ಐನೂರು ವರ್ಷದ ನಂತರ ತಮ್ಮ ಕಸುಬಿನ ವಸ್ತು ಹೇಗಿರುತ್ತದೆಂದು ಊಹಿಸಿ ಮಾದರಿ ಮಾಡಿಕೊಡಬೇಕಂತೆ, ಮಾಡಿದವರ ಗುರುತೂ ಅದರ ಮೇಲಿರಬೇಕಂತೆ. ನಾನು ಗಟ್ಟಿಯಾಗಿ ಓದಿದೆ. ಮಾವ ಮಗಳ ಕಡೆ ತಿರುಗಿದರು.

"ನೀನೇ ಮಾಡು. ತಪ್ಪು ಸಿಗದೇ ಹೋದ್ರೆ ಅದರ ಮೇಲೆ ನಿನ್ನ ಅಚ್ಚೇ ಬೀಳ್ಲಿ" ಅಂದರು.

ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೇ ಇವಳು, ಮದ್ದೇ ಇಲ್ಲದೆ ಬರೀ ಅಯಸ್ಕಾಂತದ ಬಲದಿಂದ ಗುಂಡು ಹಾರಿದರೆ ಹೇಗೆ ಅನ್ನುತ್ತಿದ್ದಳು. ಒಗ್ಗರಣೆ ಸೀದು ಹೋಗುತ್ತಿತ್ತು. ಒಡೆಯನ ಅಂಗೈಯನ್ನು ಬಿಟ್ಟು ಬೇರೆ ಯಾರಿಗೂ ಜಗ್ಗದ ಕೋವಿ ಬರುತ್ತದೆ ಅಂದಳು. ಕೊಲ್ಲದೆ, ಗೂಳಿಯಂಥ ಪ್ರಾಣಿಯನ್ನೂ ಒಂದು ಗಂಟೆ ಮಲಗಿಸಿಬಿಡುವ ಸದ್ದಿನ ಅಲೆ ಬರುತ್ತದೆ ಅಂದಳು. ತುಕ್ಕು ಹಿಡಿದರೆ ಲೋಹವೇ ತನ್ನ ಗಾಯ ಮಾಯಿಸಿಕೊಳ್ಳುತ್ತದೆ ಅಂದಾಗ, ಹಾಗಾದರೆ ನಿನಗೆ ಕೆಲಸವೆಲ್ಲಿ, ನನ್ನ ಜೊತೆ ಕಾಜ ಹೊಲಿಯಲು ಕೂರು ಅಂದೆ. ನಾನೂ ಸುಮ್ಮನಿರುವ ಆಸಾಮಿಯಲ್ಲ. ಗುರಿ ತಪ್ಪೆಂದು ದಾರಿಯಲ್ಲೇ ಗೊತ್ತಾದರೆ ಗುಂಡು ನಾಚಿಕೊಂಡು ವಾಪಸ್ ಬರಬೇಕು ಅಂತ ಸಲಹೆ ಕೊಟ್ಟೆ. ತಮಾಷೆಗೆ ಹೇಳಿದ್ದನ್ನು ಅವಳು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ನನಗಂತೂ ಹೆಮ್ಮೆಯಿಂದ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಕೊನೆಗೆ ಮಾದರಿ ಸಿದ್ಧವಾಯಿತು, ಆಹಾ! ಎರಡು ಹಿತ್ತಾಳೆ ಹೋಳುಗಳನ್ನು ಬೆಸೆದು, ಬೆಸುಗೆ ಕಾಣದ ಹಾಗೆ ವಾರಗಟ್ಟಲೆ ಅರ ಹಾಕಿ ಉಜ್ಜಿದ್ದಳು. ಮೊಣಕೈ ಉದ್ದದ ನುಣುಪಾದ ಒಂದೇ ಮೈ. ಒಂದು ಸ್ಕ್ರೂ ಇಲ್ಲ, ಒಂದು ಸಂದಿಲ್ಲ. ಶಕ್ತಿ ಒಳಗೇ ಹುಟ್ಟುತ್ತದೆ, ತೋಟೆಯ ಮಾತೇ ಇಲ್ಲ ಅಂತ ಅವಳ ವಾದ. ಖಾಲಿ ಇದ್ದರೆ ಬೆನ್ನಿನ ಮೇಲೆ ಹಸಿರು ದೀಪ, ತುಂಬಿದ್ದರೆ ಕೆಂಪು. ನನಗೆ ಕಣ್ಣು ಕೀಳಲಾಗಲಿಲ್ಲ. ಹೊಲಿಗೆಯೇ ಕಾಣದ ಅಂಗಿಯೊಂದನ್ನು ಹೊಲಿಯುವುದು ನನ್ನ ಜನ್ಮದ ಆಸೆ, ಅದನ್ನು ಇವಳು ಲೋಹದಲ್ಲಿ ಮಾಡಿ ತೋರಿಸಿದ್ದಳು.

ಸಂಗ್ರಹಾಲಯದ ವ್ಯಾನು ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ಮಾವ ಬೆಳಿಗ್ಗೆ ಹತ್ತಕ್ಕೇ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು, ಮೇಜಿನ ಮುಂದೆ ನಿಂತರು. ಇವಳು ಎರಡೂ ಕೈಯಲ್ಲಿ ಮಾದರಿ ಎತ್ತಿ ಮುಂದೆ ಹಿಡಿದಳು. ಮಾವ ಕಿರುಬೆರಳು ಚಾಚಿ ಕಾದರು.

ಅಯ್ಯೋ ದೇವರೇ! ಫ್ಲಾಸ್ಕನ್ನೂ ಬಿಡದೆ ಬೆರಳು ಹಾಕಿದ ಹೆಂಗಸು, ಎರಡು ತಿಂಗಳು ಐನೂರು ವರ್ಷ ಮುಂದೆ ಓಡಿ, ಬೆರಳು ಹಾಕುವ ಜಾಗವನ್ನೇ ಮರೆತಿದ್ದಳು.

"ತೆಗಿ" ಅಂದರು ಮಾವ.

"ಅಪ್ಪ, ಇದು ತೆಗೆಯೋ ಕೋವಿ ಅಲ್ಲ. ಖಾಲಿ ಇದ್ರೆ ಅದೇ ಹೇಳುತ್ತೆ, ದೀಪ ನೋಡಿ."

"ಎಲ್ಲಿದೆ ದೀಪ?"

ದೀಪ ಅವರ ಮೂಗಿನ ಮುಂದೆಯೇ ಹಸಿರಾಗಿ ಉರಿಯುತ್ತಿತ್ತು. ನಾನು ಇವಳ ಮುಖ ನೋಡಿದೆ, ಇವಳು ನನ್ನ ಮುಖ ನೋಡಿದಳು. ಅವರು ಗೋಡೆ ಹಿಡಿದು ನಡೆಯುವುದನ್ನು ನಾವಿಬ್ಬರೂ ಮಂಡಿನೋವು ಅಂದುಕೊಂಡಿದ್ದೆವು. ಎಂಥ ಮೂರ್ಖರು ನಾವು!

"ದೀಪ ಕೆಟ್ಟುಹೋದ್ರೆ ಏನ್ ಮಾಡ್ತೀಯ? ಕಾಣದೋನ ಕೈಗೆ ಕೊಟ್ರೆ?" ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. "ಎಷ್ಟು ವರ್ಷ ಮುಂದಿನದಾದ್ರೂ ಆಗ್ಲಿ, ಮುಟ್ಟಿ ನೋಡೋಕಾಗದೇ ಇರೋ ಕೋವೀನ ನಾನು ಕೈಗೆ ತಗೊಳ್ಳೋದಿಲ್ಲಮ್ಮ."

ಅವರು ಹೋಗಿ ಮುಂಭಾಗದಲ್ಲಿ ನನ್ನ ಸ್ಟೂಲಿನ ಮೇಲೆ ಕೂತರು. ಇವಳು ಅಳುತ್ತಾಳೆ ಅಂದುಕೊಂಡೆ. ನೋಡುತ್ತೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗರಗಸ ಹುಡುಕುತ್ತಿದ್ದಾಳೆ! ಆ ನುಣುಪಾದ ಬೆನ್ನಿಗೆ ಗರಗಸ ಇಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ನನ್ನ ಹಲ್ಲಿಗೇ ತಾಕಿತು.

"ರೀ, ಅಲ್ಲೇನು ನಿಂತಿದ್ದೀರಿ? ಒಂದು ಕೀಲು ಬೇಕು. ಚಿಕ್ಕದು, ಈಗಲೇ."

ಪೇಟೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಹೊಲಿಗೆ ಯಂತ್ರದ ಪೆಟ್ಟಿಗೆಯ ಮುಚ್ಚಳದಿಂದ ಎರಡರಲ್ಲಿ ಒಂದು ಕೀಲು ಬಿಚ್ಚಿ ಕೊಟ್ಟೆ. ಮುಚ್ಚಳ ಇವತ್ತಿಗೂ ಒಂದು ಕಡೆ ಜೋತುಬಿದ್ದಿದೆ. ಇವಳು ಬೆನ್ನಿನಲ್ಲಿ ಹೆಬ್ಬೆಟ್ಟಿನಗಲ ಬಾಗಿಲು ಕೊರೆದಳು, ಕೀಲು ಕೂರಿಸಿದಳು, ಒಳಗೊಂದು ಕುಳಿ ಮಾಡಿದಳು. ಶಕ್ತಿ ತುಂಬಿದ್ದರೆ ಕುಳಿಯ ತಳದಲ್ಲಿ ಒಂದು ಮೊಳೆ ಎದ್ದು ನಿಲ್ಲುತ್ತದೆ, ಖಾಲಿ ಇದ್ದರೆ ಬೆರಳಿಗೆ ಏನೂ ತಾಕುವುದಿಲ್ಲ. ನಾನು ಎಣ್ಣೆ ಕೊಟ್ಟೆ, ಅರ ಕೊಟ್ಟೆ, ಬೈಸಿಕೊಂಡೆ. ಊಟ ಯಾರಿಗೂ ನೆನಪಾಗಲಿಲ್ಲ. ಎರಡೂಮುಕ್ಕಾಲಿಗೆ ಅವಳು ಕೈ ಒರೆಸಿಕೊಂಡು ಅಪ್ಪನ ಮುಂದೆ ನಿಂತಳು, ಬಾಗಿಲು ತೆರೆದು ಹಿಡಿದಳು.

ಮಾವನ ಕಿರುಬೆರಳು ಒಳಗೆ ಹೋಯಿತು. ಆಮೇಲೆ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು ತುದಿಯಿಂದ ಬುಡದವರೆಗೆ ಎರಡು ಸಲ ಸವರಿದರು. ಬೆರಳು ಕೀಲಿನ ಮೇಲೆ ಬಂದು ನಿಂತಿತು.

"ಇದು ಅಳಿಯಂದ್ರ ಮಿಷನ್ನಿಂದು" ಅಂದರು. ಬಾಗಿಲನ್ನು ಮುಚ್ಚಿ ತೆರೆದು, "ತಪ್ಪು ಸಿಗ್ತಿಲ್ಲ" ಅಂದರು.

ಮಾವ ತಲೆ ತಗ್ಗಿಸಿಯೇ ಉಳಿದದ್ದನ್ನು ಹೇಳಿದರು. ಕಣ್ಣು ಮಬ್ಬಾಗಿ ಎರಡು ವರ್ಷವಾಯಿತಂತೆ. ಅವತ್ತಿನಿಂದ ಬೆರಳಿಗೆ ಒಂದು ತಪ್ಪೂ ಸಿಕ್ಕಿರಲಿಲ್ಲವಂತೆ. ಸಿಕ್ಕಿದ ಹಾಗೆ ಸುಮ್ಮನೆ ಹೇಳುತ್ತಿದ್ದರಂತೆ. ಇವಳಿಗೆ ಅಚ್ಚು ಕೊಟ್ಟುಬಿಟ್ಟರೆ ತಾವು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದೇ ಚಿಂತೆಯಾಗಿತ್ತಂತೆ.

"ಎರಡು ವರ್ಷ ನಾನು ಎಲ್ಲಾನೂ ಬಿಚ್ಚಿ ಬಿಚ್ಚಿ ಜೋಡಿಸಿದೆನಲ್ಲಪ್ಪ!" ಅಂದಳು. ನನಗೆ ಸಿಟ್ಟು ನೆತ್ತಿಗೇರಿತ್ತು, ಬಾಯಿ ತೆರೆಯುವವನಿದ್ದೆ. ಅಷ್ಟರಲ್ಲಿ ಮಾವ ಒಳಜೇಬಿನಿಂದ ಎಣ್ಣೆ ಹಿಡಿದ ಬಟ್ಟೆಯ ಗಂಟೊಂದನ್ನು ತೆಗೆದರು. ಅದರಲ್ಲಿ ಒಂದು ಉಕ್ಕಿನ ಅಚ್ಚಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಮಗಳಿಗೆಂದು ತಾವೇ ಕೊರೆದದ್ದು, ಅದರ ಗುರುತು ಒಂದು ಕಿರುಬೆರಳಿನ ತುದಿ. ಎರಡು ವರ್ಷ ಅದನ್ನು ಜೇಬಿನಲ್ಲಿಟ್ಟುಕೊಂಡೇ ಅವರು ದಿನಾ ಅಂಗಡಿಗೆ ಬರುತ್ತಿದ್ದರು.

ಇವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕೆನ್ನೆಯ ಮೇಲೆ ನೀರು ಧಾರಾಕಾರ. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು.

"ಉಗುರು ಸ್ವಲ್ಪ ಸೊಟ್ಟ ಆಗಿದೆ, ಅಪ್ಪ" ಅಂದಳು.

ಮಾವನ ಮುಖ ಅರಳಿತು. "ನಾಳೆ ನಾನೂ ಬರ್ತೀನಿ. ಇಬ್ಬರೂ ಕೂತು ಸರಿ ಮಾಡೋಣ" ಅಂದರು.

ಇವತ್ತಿಗೆ ಸೊಟ್ಟದ್ದೇ ಇರಲಿ ಅಂತ ಅವಳು ಮಾದರಿಯ ಅಡಿಯಲ್ಲಿ ಅಚ್ಚಿಟ್ಟು ಒಂದೇ ಪೆಟ್ಟು ಹಾಕಿದಳು.