ಸೈಟು ಬದಲಾಯಿಸಿದ ಅಳಿಯ

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಅವರ ಪಿಸ್ತೂಲು ನನ್ನ ಹೆಸರಿಗೆ ಬಂತು. ಒಂದು ಗುಂಡು ಸಿಡಿದರೆ ಮುಂದಿನದು ತಾನಾಗಿಯೇ ಬಂದು ಕೂರುವ ಜಾತಿಯದು. ಹೊಳೆನರಸೀಪುರದಲ್ಲಿ ಕಬ್ಬು ಬೆಳೆದುಕೊಂಡಿದ್ದ ನನಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಹಂದಿ ಓಡಿಸಲು ತಮಟೆಯೇ ಸಾಕಿತ್ತು. ಆದರೂ ಸೊಂಟಕ್ಕೆ ಚರ್ಮದ ಚೀಲ ಕಟ್ಟಿಕೊಂಡು ಬದುವಿನ ಮೇಲೆ ನಡೆದರೆ ಎದೆ ತಾನಾಗಿ ಮುಂದಕ್ಕೆ ಬರುತ್ತಿತ್ತು.

ಚೀನಾ ಯುದ್ಧ ಮುಗಿದ ಹೊಸತು. ಹಾಸನದಲ್ಲಿ ಕೆಲವರು ಸೇರಿ ಗುರಿ ಹೊಡೆಯುವ ಅಭ್ಯಾಸ ಶುರು ಮಾಡಿದರು. ನಾನೂ ಖಾಕಿ ನಿಕ್ಕರು ಹೊಲಿಸಿಕೊಂಡು ಸೇರಿದೆ. ನನ್ನ ಗುಂಡು ಗುರಿಯ ಹಲಗೆಯೊಂದನ್ನು ಬಿಟ್ಟು ಬೇರೆ ಎಲ್ಲಕ್ಕೂ ತಗಲುತ್ತಿತ್ತು: ಹಿಂದಿನ ದಿಬ್ಬಕ್ಕೆ, ಹಲಗೆ ಕಟ್ಟಿದ ಗೂಟಕ್ಕೆ. ಒಮ್ಮೆ ಪಕ್ಕದ ಹಲಗೆಯ ನಟ್ಟನಡುವಿಗೇ ಬಿತ್ತು. ಅದು ನಿವೃತ್ತ ಅಮಲ್ದಾರರೊಬ್ಬರ ಹಲಗೆ. ಅವರು ಕನ್ನಡಕ ಸರಿಪಡಿಸಿಕೊಂಡು, "ಇದು ಯಾರ ದಾನ?" ಎಂದು ವಿಚಾರಿಸಿದರು. ನಾನು ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪೆಲ್ಲ ಸೈಟಿನದು ಎಂದು ತೀರ್ಮಾನಿಸಿದೆ.

ನಳಿಕೆಯ ತುದಿಯಲ್ಲಿ ಒಂದು ಪುಟ್ಟ ಉಬ್ಬು, ಹಿಂದುಗಡೆ ಒಂದು ಕಚ್ಚು. ಕಚ್ಚಿನೊಳಗೆ ಉಬ್ಬು ಕಾಣುವ ಹಾಗೆ ಹಿಡಿದು ಗುರಿ ನೋಡಬೇಕು. ಇವೆರಡಕ್ಕೂ ಸೇರಿ ಸೈಟು ಎನ್ನುತ್ತಿದ್ದರು. ಕಾರ್ಖಾನೆಯಿಂದ ಬಂದಿದ್ದ ಉಬ್ಬು ರಾಗಿ ಕಾಳಿನಷ್ಟಿತ್ತು. ಹಾಸನದಲ್ಲಿ ಬಂದೂಕು ರಿಪೇರಿ ಮಾಡುವವನ ಹತ್ತಿರ ಹೋಗಿ, ದೊಡ್ಡದು ಹಾಕು ಎಂದೆ.

"ಆಕ್ತೀನಿ ಸಾ. ಎಷ್ಟ್ ದೊಡ್ಡದು ಬೇಕು?"

"ಎದ್ದು ಕಾಣ್ಬೇಕು."

ಅವನು ಹಳೆಯದನ್ನು ಹಿತ್ತಾಳೆ ಕಡ್ಡಿ ಇಟ್ಟು ತಟ್ಟಿ ಬಿಚ್ಚಿದ. ಹೊಸದನ್ನು ತೋಡಿಗೆ ಕೂರಿಸಿ, ಅರದಿಂದ ಉಜ್ಜಿ, ಅದರ ತುದಿಗೆ ಒಂದು ಚುಕ್ಕೆ ಬಿಳಿ ಬಣ್ಣವನ್ನೂ ಇಟ್ಟ. ಅವರೆಕಾಳಿನಷ್ಟು ದೊಡ್ಡ ಉಬ್ಬು. ನನಗೆ ಪರಮಾನಂದವಾಯಿತು.

ಆ ಆನಂದದಲ್ಲೇ ಬಸ್ ಸ್ಟ್ಯಾಂಡಿಗೆ ಬಂದರೆ ಹೆಂಡತಿಯ ತಮ್ಮ ಸಿಕ್ಕಿದ. ಚನ್ನರಾಯಪಟ್ಟಣದ ಬಸ್ಸು ಹತ್ತುವುದರಲ್ಲಿದ್ದ.

"ಏನ್ ಬಾವ, ಆಸನಕ್ಕೆ ಬಂದ್ಬುಟ್ಟಿದ್ದೀರಿ?"

"ಸೈಟ್ ಬದಲಾಯಿಸ್ದೆ ಕಣಪ್ಪ. ಇದ್ದುದ್ದು ತೀರಾ ಚಿಕ್ಕದು, ಕಣ್ಣಿಗೇ ಕಾಣ್ತಿರ್ಲಿಲ್ಲ."

ಅವನ ಮುಖ ಸಪ್ಪಗಾಯಿತು. "ಅಳೇದು?"

"ಅದನ್ಯಾಕ್ ಮಡಿಕ್ಕಳನ? ಅಲ್ಲೇ ಬಿಟ್ಬುಟ್ಟೆ."

ಬಸ್ಸು ಹೊರಟಿತು. ಹುಡುಗ ಕಿಟಕಿಯಿಂದ ನನ್ನನ್ನು ವಿಚಿತ್ರವಾಗಿ ನೋಡುತ್ತಲೇ ಹೋದ. ನನ್ನ ಪಿಸ್ತೂಲಿನ ವಿಷಯಕ್ಕೆ ಬೆರಗಾಗಿದ್ದಾನೆಂದು ನಾನು ಹಿಗ್ಗಿದೆ. ಮದುವೆಯಲ್ಲಿ ಮಾವನವರು ಮಗಳ ಹೆಸರಿನಲ್ಲಿ ಹಾಸನದಲ್ಲಿ ಒಂದು ಸೈಟು ಕೊಟ್ಟಿದ್ದರು, ಮನೆ ಕಟ್ಟಿಸಿಕೊಳ್ಳಲೆಂದು. ಅದು ನನಗೆ ನೆನಪಿಗೇ ಬರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಚನ್ನರಾಯಪಟ್ಟಣದಿಂದ ಮಾವನವರು ಬಂದಿಳಿದರು. ಕೈಕಾಲು ತೊಳೆಯಲಿಲ್ಲ. ಮಗಳು ತಂದ ಕಾಫಿಯ ಲೋಟ ಮುಟ್ಟಲಿಲ್ಲ. ಜಗಲಿಯ ಮೇಲೆ ಬಿಗಿಯಾಗಿ ಕೂತು ಕೇಳಿದರು:

"ಅಳಿಯಂದ್ರೇ, ಸೈಟ್ ಬದಲಾಯಿಸುದ್ರಂತೆ?"

"ಊ ಮಾವ. ಹೊಸದು ಬಾಳ ಚೆನ್ನಾಗದೆ."

"ನನ್ನೊಂದ್ ಮಾತ್ ಕೇಳ್ಬೇಕು ಅನ್ನುಸ್ಲಿಲ್ವಾ? ನನ್ ಮಗ್ಳನ್ನಾದ್ರೂ ಕೇಳುದ್ರಾ?"

ಇಷ್ಟು ಸಣ್ಣ ವಿಷಯಕ್ಕೆ ಇವರನ್ನೇಕೆ ಕೇಳಬೇಕೆಂದು ನನಗೆ ಅರ್ಥವಾಗಲಿಲ್ಲ. ನೋಡಿದರೆ ಸಮಾಧಾನವಾದೀತು ಎಂದುಕೊಂಡೆ. "ತಡೀರಿ, ತೋರುಸ್ತೀನಿ" ಎಂದು ಒಳಗೆ ಹೋಗಿ ಪಿಸ್ತೂಲು ಹಿಡಿದುಕೊಂಡು ಹೊರಗೆ ಬಂದೆ.

ಮಾವನವರು ಧಡಕ್ಕನೆ ಎದ್ದು ನಿಂತರು. ಹೆಗಲ ಮೇಲಿನ ವಲ್ಲಿ ಕಿತ್ತೆಸೆದು, ಅಂಗಿಯ ಗುಂಡಿ ಬಿಚ್ಚಿ ಎದೆ ಒಡ್ಡಿದರು. "ಒಡುದ್ಬುಡಿ! ಸೈಟ್ ನುಂಗಿದ್ದಾಯ್ತು, ಈಗ ಕೊಟ್ಟೋನ್ನೂ ನುಂಗ್ಬುಡಿ!"

"ಮಾವ, ಗುಂಡಿಲ್ಲ... ಇದೇ ಸೈಟು... ಇದರ ತುದೀಲಿ ನೋಡಿ..." ಎನ್ನುತ್ತಾ ತುದಿ ತೋರಿಸಲು ಹೋಗಿ ನಳಿಕೆಯನ್ನು ನೇರ ಅವರ ಮುಖಕ್ಕೇ ಹಿಡಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರುಮನೆಯವರು ಬಾಗಿಲು ಹಾಕಿಕೊಂಡರು.

ನನ್ನ ಹೆಂಡತಿಗೆ ಮೊದಲು ಹೊಳೆಯಿತು. ಅವಳು ಬಂದು ನನ್ನ ಕೈಯಿಂದ ಪಿಸ್ತೂಲು ಕಿತ್ತುಕೊಂಡು, ಬಿಳಿ ಚುಕ್ಕೆಯನ್ನು ಅಪ್ಪನಿಗೆ ತೋರಿಸಿದಳು. "ಅಪ್ಪಯ್ಯ, ಇವ್ರು ಬದಲಾಯಿಸಿರಾದು ಈ ಸೈಟು. ನೀನ್ ಕೊಟ್ಟಿರ ಜಾಗ ಎಲ್ಗೂ ಓಗಿಲ್ಲ." ಅಷ್ಟು ಹೇಳುವಷ್ಟರಲ್ಲಿ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು.

ಮಾವನವರು ಬಹಳ ಹೊತ್ತು ಅವರೆಕಾಳನ್ನು ನೋಡಿದರು. ಗುಂಡಿ ಹಾಕಿಕೊಂಡರು. ಆಮೇಲೆ ಕಾಫಿ ಕುಡಿದು, "ಎಲ್ಲಿ, ಒಡೀರಿ ನೋಡನ" ಎಂದರು.

ಮಧ್ಯಾಹ್ನ ಊರಾಚೆ ನಮ್ಮ ಗದ್ದೆಯ ಕೊನೆಯ ಮಣ್ಣುದಿಬ್ಬಕ್ಕೆ ಒಡಕು ಮಡಕೆ ಆನಿಸಿಟ್ಟೆವು. ನಾನು ಕಾಲು ಅಗಲಿಸಿ, ಉಸಿರು ಕಟ್ಟಿ ಹೊಡೆದೆ. ಮಡಕೆ ಕದಲಲಿಲ್ಲ. ಮತ್ತೆ ಹೊಡೆದೆ. ದಿಬ್ಬದ ಮಣ್ಣು ಹಾರಿತು. ಮಾವನವರು ಪಕ್ಕದಿಂದ ಮಡಕೆಯನ್ನು ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಳಿಯಂದ್ರೇ, ಬೇಜಾರ್ ಮಾಡ್ಕಬ್ಯಾಡಿ. ಡಮ್ ಅನ್ನಕ್ ಮುಂಚೆ ಎಲ್ಡ್ ಕಣ್ಣೂ ಮುಚ್ಕತೀರಲ್ಲಾ!"

ನಾನು ಒಪ್ಪಲಿಲ್ಲ. ಹೆಂಡತಿ, "ಊ ಕಣ್ರೀ, ಪಟಾಕಿ ಅಚ್ಚುವಾಗ್ಲೂ ಅಂಗೇಯ" ಎಂದಳು. ಇನ್ನೊಮ್ಮೆ ಹೊಡೆದೆ. ಕಣ್ಣು ತೆರೆದೇ ಇರುತ್ತೇನೆಂದು ಹಲ್ಲು ಕಚ್ಚಿದ್ದೆ. ಸದ್ದಾದ ಮೇಲೆ ನೋಡಿದರೆ ಲೋಕ ಕತ್ತಲಾಗಿತ್ತು. ನಾನೇ ಮುಚ್ಚಿಕೊಂಡಿದ್ದೆ.

ಅಭ್ಯಾಸಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ಸುಮ್ಮನೆ ಬಿಟ್ಟರೆ ಮಾನ ಹೋಗುತ್ತದಲ್ಲ. ಕಣ್ಣು ತೆರೆದಿಡುವುದನ್ನು ಕಲಿಯಲು ಇಡೀ ಬೇಸಿಗೆ ಹಿಡಿಯಿತು. ಕೊನೆಗೊಂದು ದಿನ ನನ್ನ ಗುಂಡು ನನ್ನದೇ ಹಲಗೆಯ ಅಂಚಿಗೆ ತಗಲಿದಾಗ ಅಮಲ್ದಾರರು ಎದ್ದು ಬಂದು ಕೈ ಕುಲುಕಿದರು.

ಮಾವನವರು ಮಾತ್ರ ಈ ಪ್ರಸಂಗವನ್ನು ಬಂಧುಗಳ ಮನೆಯ ಮದುವೆಗಳಲ್ಲೆಲ್ಲ ಹೇಳತೊಡಗಿದರು. ಹೇಳಿದ ಹಾಗೆಲ್ಲ ಅದು ಬೆಳೆಯಿತು. ಅರಕಲಗೂಡಿನಲ್ಲಿ ಒಂದು ಬೀಗರೂಟದ ಪಂಕ್ತಿಯಲ್ಲಿ ಅವರು ಹೇಳಿದ ಕತೆಯಲ್ಲಿ ನಾನು ಅವರ ಮೇಲೆ ನಿಜವಾಗಿಯೇ ಗುಂಡು ಹಾರಿಸಿದ್ದೆ. "ಏನೂ ಆಗ್ಲಿಲ್ವಾ?" ಎಂದು ಯಾರೋ ಗಾಬರಿಯಿಂದ ಕೇಳಿದರು.

"ಏನಾದಾತು? ಒಡ್ದೋರು ನಮ್ಮ್ ಅಳಿಯಂದ್ರಲ್ವಾ!" ಎಂದರು ಮಾವ.

ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆಗೆ ಇನ್ನಷ್ಟು ಪಾಯಸ ಹಾಕಿಸಿಕೊಂಡೆ.