ಹೊಂಡದ ಗೋಡೆಯ ಹೆಂಗಸು

ಮೊನ್ನೆ ಚಹಾದ ಬಸಿಯೊಂದು ನನ್ನ ಕೈಜಾರಿ ಒಡೆಯಿತು. ನೀಲಿ ಹೂವಿನ ಬಸಿ. ಚೂರುಗಳನ್ನು ಮೊರದಲ್ಲಿ ಬಳಿದುಕೊಂಡು ಚೆಲ್ಲಲು ಹೋದವಳು ಅಂಗಳದಲ್ಲೇ ನಿಂತುಬಿಟ್ಟೆ. ಇವು ಗೌಂಡಿ ಕಾಕಾನ ಕೈಗೆ ಸಿಕ್ಕಿದ್ದರೆ ಸೀರೆಯ ಸೆರಗಾಗುತ್ತಿದ್ದವು... ಮಕ್ಕಳೇ, ಅವನ ಸುದ್ದಿ ನಿಮಗೆ ಹೇಳಿಲ್ಲ. ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ.

ನನ್ನ ತವರು ಬೆಳವಣಕಿಯ ಹತ್ತಿರದ ಹಳ್ಳಿ. ಆಗ ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದೆವು. ನನಗೆ ಒಂಬತ್ತೋ ಹತ್ತೋ ವರ್ಷ. ಊರಿಗೆಲ್ಲ ಕುಡಿಯಲು ಒಂದೇ ಹೊಂಡ. ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದೆವು. ಪ್ರತಿ ಮನೆಯಲ್ಲೂ ಯಾರಿಗಾದರೂ ನಾರುಹುಣ್ಣು ಇದ್ದೇ ಇರುತ್ತಿತ್ತು. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬೀಳುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದಿಷ್ಟು ಎಳೆಯಬೇಕು. ನಡುವೆ ಹರಿದರೆ ಕಾಲು ಬಾತುಕೊಳ್ಳುತ್ತಿತ್ತು. ಪಕ್ಕದ ಮನೆಯ ಕಾಕಾ ಗೋಡೆ ಕಟ್ಟುವ ಗೌಂಡಿ. ಅವನ ಹೆಂಡತಿ ಕಾಕು ಎರಡು ವರ್ಷ ಇದರಿಂದ ನೆಲ ಹಿಡಿದಿದ್ದಳು.

ಹುಣ್ಣಿನ ಕಾಲು ನೀರಿಗಿಳಿದರೆ ಆ ನೀರು ಕುಡಿದವರಿಗೂ ನಾರು ಬರುತ್ತದೆ ಎಂದು ರೋಣದ ಡಾಕ್ಟರೊಬ್ಬರು ಅವನಿಗೆ ತಿಳಿಸಿದ್ದರು. ಕಾಕಾ ಬಂದು ಊರಲ್ಲಿ ಹೇಳಿದ. ಎಲ್ಲರೂ ನಕ್ಕರು.

"ಗ್ವಾಡಿ ಕಟ್ಟೂದ ಬಿಟ್ಟು ಡಾಕ್ಟರಕಿ ಯಾವಾಗ ಕಲತ್ಯೋ?"

ಆಮೇಲೆ ಅವನು ತಿಪ್ಪೆ ಕೆದಕತೊಡಗಿದ. ಒಡೆದ ಬಳೆ, ಕಂದೀಲಿನ ಗಾಜು, ಗಡಿಗೆಯ ಚೂರು, ಪಿಂಗಾಣಿ. ಎಲ್ಲ ತೊಳೆದು, ಹೊಂಡದ ಗೋಡೆಗೆ ಗಚ್ಚು ಮೆತ್ತಿ, ಅದರಲ್ಲಿ ಕೂಡಿಸಿ ಒಬ್ಬ ಹೆಂಗಸನ್ನು ಮಾಡಿದ. ಒಣ ಮೆಟ್ಟಿಲ ಮೇಲೆ ನಿಂತು ಹಗ್ಗದಿಂದ ಕೊಡ ಇಳಿಬಿಟ್ಟ ಹೆಂಗಸು.

"ಇಕಿ ಹಾಂಗ ನಿಂತು ಸೇದ್ರೆವ್ವಾ, ಕಾಲ ಇಳಸಬ್ಯಾಡ್ರಿ" ಎಂದ.

ಬಿಸಿಲು ಬಿದ್ದರೆ ಅವಳ ಹಸಿರು ಸೀರೆ ಹೊಳೆಯುತ್ತಿತ್ತು. ಅವಳನ್ನು ನೋಡುವ ಆಸೆಗೇ ಹೆಂಗಸರು ಹಗ್ಗ ತಂದರು. ಖರೇ ಹೇಳುತ್ತೇನೆ, ಎಂಟು ದಿನ ನೀರು ತಿಳಿಯಾಗಿತ್ತು.

ಆಗಲೇ ನನ್ನ ಅವ್ವನ ಕಾಲಲ್ಲಿ ನಾರು ಬಿತ್ತು. ಅವಳು ನರಳುವುದನ್ನು ಕೇಳಲಾಗದೆ, ಒಂದು ಮುಂಜಾನೆ ಯಾರೂ ಇಲ್ಲದಾಗ ನಾನು ನೀರಿಗಿಳಿದು ಆ ಹೆಂಗಸಿನ ಹಣೆಗೆ ಕುಂಕುಮ ಹಚ್ಚಿದೆ. ಅವ್ವನನ್ನು ನೆಟ್ಟಗೆ ಮಾಡು ಎಂದು ಬೇಡಿಕೊಂಡೆ. ಕುಂಕುಮ ಕಂಡವರು ಅರಿಷಿಣ ಹಚ್ಚಿದರು. ಆಮೇಲೆ ಕಾಯಿ, ಎಲೆ, ಹೂವು... ವಾರದೊಳಗೆ ಅವಳು ಹೊಂಡದವ್ವ ಆದಳು. ಅವಳನ್ನು ಮುಟ್ಟಲು ನೀರಿಗಿಳಿಯಲೇಬೇಕು; ಹರಕೆ ಹೊತ್ತು ಮೊದಲು ಇಳಿದವರು ಹುಣ್ಣಿನವರೇ.

ಕಾಕಾ ಮೆಟ್ಟಿಲ ಮೇಲೆ ನಿಂತು ಕೈಮುಗಿದ. "ಇದು ದೇವರಲ್ಲರೀ, ತಿಪ್ಪ್ಯಾಗಿನ ಚೂರು. ಮೊದಲ ಕುಂಕುಮ ಹಚ್ಚಿದವರು ಯಾರು? ಅವರರೆ ಒಂದ ಮಾತ ಹೇಳ್ರಿ."

ನಾನು ಹೆಂಗಸರ ಹಿಂದೆ ನಿಂತಿದ್ದೆ. ಇನ್ನೂ ಒಂದು ಹೆಜ್ಜೆ ಹಿಂದೆ ಸರಿದೆ.

"ನೀ ಎಲ್ಲಿ ಮಾಡೀಯೋ? ಅವ್ವ ನಿನ್ನ ಕೈಲೆ ಮಾಡಿಸಿಕೊಂಡಾಳ. ಸುಮ್ನಿರು" ಎಂದಳು ಒಬ್ಬ ಮುದುಕಿ.

ಮರುದಿನ ಅವನು ಉಳಿಯಿಂದ ಗೋಡೆಯ ಹೆಂಗಸನ್ನು ಕೆತ್ತಿ ಹಾಕಿದ. ಯಾರೂ ಅವನ ಮೈಮುಟ್ಟಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೇ. ನನ್ನ ಅವ್ವನೂ ಅವನ ಮನೆಗೆ ಮಜ್ಜಿಗೆ ಕೊಡಲಿಲ್ಲ. ತಿಂಗಳೊಳಗೆ ಅವರು ಸಾಮಾನು ಕಟ್ಟಿ ಚಕ್ಕಡಿಯಲ್ಲಿ ಹೊಳೆಆಲೂರಿನ ರೈಲಿಗೆ ಹೊರಟರು. ಕಾಲಿಗೆ ಅರಿವೆ ಸುತ್ತಿಕೊಂಡು ಕೂತಿದ್ದ ಕಾಕು ನನ್ನನ್ನು ಕರೆದು, "ಚಲೋತ್ನಾಗಿ ಸಾಲಿ ಕಲಿ, ತಂಗಿ" ಎಂದಳು. ನಾನು ಒಳಗೆ ಓಡಿದೆ. ಎಲ್ಲಿಗೆ ಹೋದರೋ, ಮತ್ತೆ ಯಾರೂ ಕಾಣಲಿಲ್ಲ...

ಮುಂದಿನ ವರ್ಷ ನನ್ನ ಕಾಲಲ್ಲಿ ನಾರು ಬಿತ್ತು. ಒಳಹೊಕ್ಕ ಹುಳ ಹೊರಬೀಳಲು ವರ್ಷ ಹಿಡಿಯುತ್ತದೆ ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಆ ಪೂಜೆಯ ದಿನಗಳಲ್ಲಿ ಕುಡಿದ ನೀರು.

ಈಗ ಹೊಂಡ ಮುಚ್ಚಿ, ಅಲ್ಲೇ ಹೊಂಡದವ್ವನ ಗುಡಿ ಕಟ್ಟಿದ್ದಾರೆ. ಹೋದ ವರ್ಷ ನಿಮ್ಮನ್ನೂ ಕರೆದುಕೊಂಡು ಹೋಗಿದ್ದೆನಲ್ಲ. ಒಬ್ಬ ಪಾಪಿ ದೇವಿಯನ್ನು ಒಡೆದು ಊರು ಬಿಟ್ಟು ಓಡಿದ ಎಂದು ಪೂಜಾರಿ ಹೇಳಿದ. ನೀವು ಕಣ್ಣರಳಿಸಿ ಕೇಳುತ್ತಿದ್ದಿರಿ. ಅವನು ಪಾಪಿಯಲ್ಲ ಎಂದು ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ. ತಲೆತಗ್ಗಿಸಿ ತೀರ್ಥ ತಗೊಂಡು ಬಂದೆ.